ಆರಾಧನೆ, ಊಳಿಗ, ಕಾಯಕ

ಕಳೆದ ಸೆಮಿಸ್ಟರಿನ ಉತ್ತರಪತ್ರಿಕೆಗಳನ್ನು ತಿದ್ದುವಾಗ ಒಂದೇ ವಾಕ್ಯ ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ಕಾಯಕತತ್ತ್ವವನ್ನು ವಿವರಿಸಿರಿ ಎಂಬ ಪ್ರಶ್ನೆಗೆ ನಮ್ಮ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಲ್ಲಿ ಹಲವರು, 'ವರ್ಕ್ ಈಸ್ ವರ್ಶಿಪ್' ಎಂದು ಪಾಶ್ಚಾತ್ಯರು ಹೇಳಿದ್ದನ್ನೇ ನಮ್ಮ ಶರಣರು 12ನೆಯ ಶತಮಾನದಲ್ಲಿ ಹೇಳಿದ್ದರು ಎಂದು ಬರೆದಿದ್ದರು. ಅಂಕ ಕಳೆಯಲಿಲ್ಲ, ಏಕೆಂದರೆ ಪಾಠ ಹೇಳುವ ನಾವೇ ಆ ವಾಕ್ಯವನ್ನು ತರಗತಿಗಳಲ್ಲಿ ಬಳಸಿ ಬಳಸಿ ಸವೆಸಿದ್ದೇವೆ. ಆದರೆ ಆ 'ಪಾಶ್ಚಾತ್ಯರು' ಯಾರು, ಅವರು ಹೇಳಿದ್ದಾದರೂ ಏನು, ಅವರ ಆರಾಧನೆಗೂ ದಿನದ ದುಡಿಮೆಗೂ ಇದ್ದ ನಂಟು ಎಂಥದು ಎಂಬುದನ್ನು ಕೇಳದೆಯೇ ಎರಡನ್ನೂ ಒಂದು ಎನ್ನುವುದು ವಿಮರ್ಶೆಯಲ್ಲ. ಈ ಟಿಪ್ಪಣಿ ಆ ಪ್ರಶ್ನೆಯ ಬೆನ್ನು ಹತ್ತಿದ್ದು.

ಆ ಇಂಗ್ಲಿಷ್ ವಾಕ್ಯವನ್ನು ಪ್ರಸಿದ್ಧಿಗೆ ತಂದವರಲ್ಲಿ ಸ್ಕಾಟ್ಲೆಂಡಿನ ಲೇಖಕ ಥಾಮಸ್ ಕಾರ್ಲೈಲ್ ಒಬ್ಬ. 1843ರಲ್ಲಿ ಪ್ರಕಟವಾದ 'ಪಾಸ್ಟ್ ಅಂಡ್ ಪ್ರೆಸೆಂಟ್' ಎಂಬ ಕೃತಿಯಲ್ಲಿ ಅವನು ಇದನ್ನು ಹಳೆಯ ಕ್ರೈಸ್ತ ಸಂನ್ಯಾಸಿಗಳ ಮಾತೆಂದು ಲ್ಯಾಟಿನ್ ರೂಪದೊಡನೆ ಎತ್ತಿ ಹೇಳುತ್ತಾನೆ. ಕಾರ್ಖಾನೆಗಳ ಹೊಗೆ ಕವಿದಿದ್ದ ಇಂಗ್ಲೆಂಡಿನಲ್ಲಿ ದುಡಿಮೆಗೆ ಮತ್ತೆ ಘನತೆಯನ್ನು ತಂದುಕೊಡುವುದು ಅವನ ಉದ್ದೇಶವಾಗಿತ್ತು. ಆದರೆ ಪಶ್ಚಿಮದ ಸಂನ್ಯಾಸಿಗಳ ಬಾಳನ್ನು ರೂಪಿಸಿದ ಮುಖ್ಯ ಗ್ರಂಥವಾದ ಸಂತ ಬೆನೆಡಿಕ್ಟನ ನಿಯಮಾವಳಿಯಲ್ಲಿ ಈ ವಾಕ್ಯವಿಲ್ಲ. 'ಪ್ರಾರ್ಥಿಸು, ದುಡಿ' ಎಂದು ಅವನ ಹೆಸರಿನಲ್ಲಿ ಓಡಾಡುವ ಇನ್ನೊಂದು ಸೂತ್ರವೂ ಇಲ್ಲ. ಅಲ್ಲಿರುವುದು ಬೇರೆಯೇ. ಅದಕ್ಕೆ ಹೋಗುವ ಮೊದಲು ಪದಗಳನ್ನು ನೋಡಬೇಕು. ಭಾಷೆಯ ವಿದ್ಯಾರ್ಥಿಗಳು ನಾವು, ಪದದಿಂದಲೇ ಹೊರಡೋಣ.

ಕನ್ನಡ ಪ್ರಾಟೆಸ್ಟಂಟ್ ಕ್ರೈಸ್ತರು ಭಾನುವಾರದ ಸಭೆಯನ್ನು 'ಆರಾಧನೆ' ಎನ್ನುತ್ತಾರೆ. ಕಥೋಲಿಕರಲ್ಲಿ 'ಬಲಿಪೂಜೆ' ಎಂಬ ಮಾತು ರೂಢಿಯಲ್ಲಿದೆ. ನಮ್ಮ ಭಾಗದ ಮರಾಠಿ ಕ್ರೈಸ್ತರದು 'ಉಪಾಸನಾ'. ಮೂರೂ ಸಂಸ್ಕೃತ ಮೂಲದ, ಗುಡಿ ಮಠಗಳ ನೆನಪನ್ನು ಹೊತ್ತ ಪದಗಳು. ಅಡುಗೆಮನೆ, ಹೊಲ, ಅಂಗಡಿಗಳ ವಾಸನೆ ಇವುಗಳಿಗಿಲ್ಲ. ಬೈಬಲ್ಲಿನ ಮೂಲಭಾಷೆಗಳಲ್ಲಿ ಹಾಗಿಲ್ಲ. ಹೀಬ್ರೂವಿನ 'ಅವೊದಾ' ಎಂಬ ಒಂದೇ ಶಬ್ದ ಹೊಲದ ದುಡಿಮೆಗೂ ಸಲ್ಲುತ್ತದೆ, ದೇವಾಲಯದ ಸೇವೆಗೂ ಸಲ್ಲುತ್ತದೆ. ಈಜಿಪ್ತಿನಲ್ಲಿ ಇಸ್ರಾಯೇಲರು ದೊರೆಯ ಕೈಕೆಳಗೆ ಮಾಡಿದ ಜೀತಕ್ಕೂ ಅದೇ ಶಬ್ದ. ಜೀತದಿಂದ ಬಿಡಿಸಿಕೊಂಡು ಬಂದ ಜನ ತಮ್ಮ ದೇವರಿಗೆ ಮಾಡುವುದನ್ನೂ ಅದೇ ಹೆಸರಿನಿಂದ ಕರೆದರು ಎಂಬುದು ಯೋಚಿಸತಕ್ಕ ಸಂಗತಿ. ಗ್ರೀಕಿನ 'ಲೈತೂರ್ಗಿಯಾ' ಎಂಬುದು ಅಥೆನ್ಸಿನಲ್ಲಿ ಸಿರಿವಂತ ಪ್ರಜೆ ಸ್ವಂತ ಖರ್ಚಿನಲ್ಲಿ ಊರಿಗಾಗಿ ಮಾಡಬೇಕಾದ ಕೆಲಸಕ್ಕಿದ್ದ ಹೆಸರು: ನಾಟಕದ ಮೇಳವನ್ನು ಸಾಕುವುದು, ಯುದ್ಧನೌಕೆಯನ್ನು ಸಜ್ಜುಗೊಳಿಸುವುದು ಇತ್ಯಾದಿ. ಮುಂದೆ ಅದೇ ಶಬ್ದ ಚರ್ಚಿನ ಪೂಜಾಕ್ರಮದ ಹೆಸರಾಯಿತು. ರೋಮಾಪುರದವರಿಗೆ ಬರೆದ ಪತ್ರದ 12ನೆಯ ಅಧ್ಯಾಯದಲ್ಲಿ ಸಂತ ಪೌಲನು ದೇಹವನ್ನೇ ಜೀವಂತ ಬಲಿಯಾಗಿ ಅರ್ಪಿಸಿರೆಂದು ಹೇಳಿ ಅದನ್ನೇ 'ಲತ್ರೆಯಾ' ಎನ್ನುತ್ತಾನೆ. ಆ ಶಬ್ದದ ಹಿಂದಿರುವುದೂ ಆಳಾಗಿ ಮಾಡುವ ಸೇವೆಯೇ. ಹೀಗೆ ಬರೆದ ಪೌಲ ಡೇರೆ ಹೊಲಿದು ಹೊಟ್ಟೆ ಹೊರೆದವನು ಎಂಬುದನ್ನೂ ಮರೆಯಬಾರದು.

ಈ ಶಬ್ದಗಳಿಗೆ ಕನ್ನಡದಲ್ಲಿ ಹತ್ತಿರದ್ದು ಯಾವುದೆಂದು ನನ್ನನ್ನು ಕೇಳಿದರೆ 'ಊಳಿಗ' ಎಂದೇನು. ಅರಮನೆಯ ಊಳಿಗವೂ ಉಂಟು, ದೇವರ ಊಳಿಗವೂ ಉಂಟು. 'ಸೇವೆ' ಎಂಬುದೂ ಆಗಬಹುದಿತ್ತು. ಆದರೆ ಸರ್ಕಾರಿ ಸೇವೆ, ಸೇವಾ ತೆರಿಗೆಗಳ ನಡುವೆ ಅದರ ಮೊನೆ ಮೊಂಡಾಗಿದೆ.

ಈಗ ಬೆನೆಡಿಕ್ಟನಿಗೆ ಬರೋಣ. 6ನೆಯ ಶತಮಾನದ ಇಟಲಿಯಲ್ಲಿ ಅವನು ಬರೆದ ನಿಯಮಾವಳಿಯಲ್ಲಿ ದಿನವು ಪ್ರಾರ್ಥನೆಯ ಹೊತ್ತುಗಳಾಗಿಯೂ ಕೈಗೆಲಸ ಮತ್ತು ಓದಿನ ಹೊತ್ತುಗಳಾಗಿಯೂ ಹಂಚಿಹೋಗಿದೆ. ಉಗ್ರಾಣದ ಹೊಣೆ ಹೊತ್ತವನು ಮಠದ ಪ್ರತಿಯೊಂದು ಪಾತ್ರೆಯನ್ನೂ ಸಲಕರಣೆಯನ್ನೂ ಪೂಜಾವೇದಿಕೆಯ ಪಾತ್ರೆಗಳಂತೆಯೇ ಕಾಣಬೇಕು. ಅಡುಗೆಯ ಕೆಲಸ ವಾರಕ್ಕೊಬ್ಬರಂತೆ ಸರದಿಯಲ್ಲಿ ಎಲ್ಲರ ಪಾಲಿಗೂ ಬರುತ್ತದೆ. ಕಾಯಿಲೆಯೋ ಅತ್ಯಗತ್ಯವಾದ ಬೇರೆ ಹೊಣೆಯೋ ಇದ್ದವರಿಗಷ್ಟೇ ವಿನಾಯಿತಿ. ವಾರ ಮುಗಿದಾಗ ಸರದಿ ಮುಗಿಸಿದವನೂ ಹೊಸದಾಗಿ ಹಿಡಿಯುವವನೂ ಸೇರಿ ಎಲ್ಲರ ಪಾದಗಳನ್ನು ತೊಳೆಯಬೇಕು. ಕುಲೀನ ಮನೆತನದವನೂ ಗುಲಾಮನಾಗಿದ್ದವನೂ ಒಂದೇ ಮಠದಲ್ಲಿರಬಹುದಾಗಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಇಷ್ಟನ್ನು ಓದಿದಾಗ ಇದು ಕಾಯಕವೇ ಎನಿಸುವುದು ಸಹಜ. ಆದರೆ ಅದೇ ನಿಯಮಾವಳಿಯ 43ನೆಯ ಅಧ್ಯಾಯ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಪ್ರಾರ್ಥನೆಯ ಕರೆ ಕೇಳಿದೊಡನೆ ಕೈಯಲ್ಲಿರುವುದು ಏನೇ ಇರಲಿ, ಅದನ್ನು ಅಲ್ಲೇ ಬಿಟ್ಟು ಹೊರಡಬೇಕು. ದೇವರ ಕೆಲಸಕ್ಕಿಂತ ಮುಂದೆ ಬೇರೆ ಯಾವುದನ್ನೂ ಇಡಕೂಡದು. 'ದೇವರ ಕೆಲಸ' ಎಂದರೆ ಅಲ್ಲಿ ಸಾಮೂಹಿಕ ಪ್ರಾರ್ಥನೆ. ಇದರ ಪಕ್ಕದಲ್ಲಿ ನಮ್ಮ ನುಲಿಯ ಚಂದಯ್ಯನ ಕಥೆಯನ್ನಿಡಿ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ ದಾಸೋಹ ನಡೆಸುವವನು ಅವನು. ಕೆಲಸದ ನಡುವೆ ಇಷ್ಟಲಿಂಗವೇ ಜಾರಿ ನೀರಿಗೆ ಬಿದ್ದರೂ ಅವನು ತಿರುಗಿ ನೋಡದೆ ನಡೆದ. ಲಿಂಗವೇ ಅವನ ಬೆನ್ನು ಹತ್ತಿ ಬರಬೇಕಾಯಿತು. ಮಡಿವಾಳ ಮಾಚಯ್ಯ ನಡುವೆ ಬಂದು ಬುದ್ಧಿ ಹೇಳಬೇಕಾಯಿತು. ಆಯ್ದಕ್ಕಿ ಮಾರಯ್ಯನಂತೂ ಕಾಯಕದ ಹೊತ್ತಿನಲ್ಲಿ ಗುರು ಲಿಂಗ ಜಂಗಮರ ಹಂಗನ್ನೂ ಬದಿಗಿಡಬೇಕೆಂಬಷ್ಟು ದೂರ ಹೋಗುತ್ತಾನೆ. ಬೆನೆಡಿಕ್ಟನ ಮಠದಲ್ಲಿ ಗಂಟೆ ಬಾರಿಸಿದರೆ ಹಗ್ಗ ಕೆಳಗಿಳಿಯುತ್ತದೆ. ಚಂದಯ್ಯನ ಕೈಯಿಂದ ಹಗ್ಗ ಇಳಿಯುವುದಿಲ್ಲ. 'ವರ್ಕ್ ಈಸ್ ವರ್ಶಿಪ್' ಎಂಬ ಒಂದೇ ಮುದ್ರೆಯನ್ನು ಎರಡರ ಮೇಲೂ ಒತ್ತಿದಾಗ ಕಳೆದುಹೋಗುವುದು ಈ ವ್ಯತ್ಯಾಸ.

ಕ್ರೈಸ್ತ ಪರಂಪರೆಯೊಳಗೂ ಈ ಬಗ್ಗೆ ಜಗ್ಗಾಟ ಕಡಿಮೆಯಿಲ್ಲ. ಲೂಕನ ಸುವಾರ್ತೆಯಲ್ಲಿ ಮಾರ್ಥಾ ಮತ್ತು ಮರಿಯ ಎಂಬ ಅಕ್ಕತಂಗಿಯರ ಪ್ರಸಂಗವಿದೆ. ಯೇಸು ಮನೆಗೆ ಬಂದಾಗ ಮರಿಯಳು ಕಾಲ ಬಳಿ ಕುಳಿತು ಮಾತು ಕೇಳುತ್ತಾಳೆ, ಮಾರ್ಥಾ ಉಪಚಾರದ ಗಡಿಬಿಡಿಯಲ್ಲಿ ಬೇಸತ್ತು ತಂಗಿಯ ಮೇಲೆ ದೂರು ಹೇಳುತ್ತಾಳೆ. ಯೇಸು ಮರಿಯಳ ಪರ ನಿಲ್ಲುತ್ತಾನೆ. ಶತಮಾನಗಳ ಕಾಲ ಇದನ್ನು ಓದಿದವರು ಧ್ಯಾನವೇ ಮೇಲು, ದುಡಿಮೆ ಕೀಳು ಎಂದು ಅರ್ಥ ಮಾಡಿದರು. ಆದರೆ 14ನೆಯ ಶತಮಾನದ ಜರ್ಮನಿಯ ಅನುಭಾವಿ ಮೈಸ್ಟರ್ ಎಕ್‌ಹಾರ್ಟ್ ಒಂದು ಪ್ರವಚನದಲ್ಲಿ ಇದನ್ನು ತಿರುಗಿಸಿ, ಇಬ್ಬರಲ್ಲಿ ಮಾಗಿದವಳು ಮಾರ್ಥಾಳೇ ಎಂದ. 16ನೆಯ ಶತಮಾನದಲ್ಲಿ ಸ್ಪೇನಿನ ಆವಿಲಾದ ಸಂತ ತೆರೇಸಾ, ಅಡುಗೆಮನೆಯ ಪಾತ್ರೆಪಡಗಗಳ ನಡುವೆಯೂ ಪ್ರಭು ಓಡಾಡುತ್ತಾನೆಂದು ತನ್ನ ಮಠದ ಸೋದರಿಯರಿಗೆ ನೆನಪಿಸಿದಳು. ಅದಕ್ಕೂ ಮೊದಲು, 1522ರ ಒಂದು ಬರಹದಲ್ಲಿ ಮಾರ್ಟಿನ್ ಲೂಥರ್, ಮಗುವಿನ ಹೊಲಸು ಬಟ್ಟೆ ಒಗೆಯುವ ತಂದೆಯನ್ನು ಜನ ನೋಡಿ ನಗಬಹುದು, ದೇವರು ಮಾತ್ರ ಮೆಚ್ಚುತ್ತಾನೆ ಎಂಬ ಅರ್ಥದ ಮಾತಾಡಿದ. ಗಂಡಸರು ತೊಟ್ಟಿಲ ಬಟ್ಟೆ ಮುಟ್ಟದ ನಮ್ಮ ಊರುಗಳಲ್ಲಿ ಇದು ಇಂದಿಗೂ ಓದಬೇಕಾದ ಮಾತು.

ಈ ಸಾಲಿನಲ್ಲಿ ನನಗೆ ಪ್ರಿಯನಾದವನು ಲಾರೆನ್ಸ್ ಸೋದರ. 17ನೆಯ ಶತಮಾನದ ಫ್ರಾನ್ಸಿನವನು. ಹುಟ್ಟುಹೆಸರು ನಿಕೊಲಾಸ್ ಹರ್ಮನ್. ಸೈನಿಕನಾಗಿದ್ದು ಯುದ್ಧದಲ್ಲಿ ಗಾಯಗೊಂಡವನು. ಪ್ಯಾರಿಸ್ಸಿನ ಕಾರ್ಮೆಲ್ ಪಂಥದ ಮಠವನ್ನು ಸೇರಿದಾಗ ಅವನಿಗೆ ಸಿಕ್ಕಿದ್ದು ಪಾದ್ರಿಯ ಪದವಿಯಲ್ಲ, ಅಡುಗೆಮನೆ; ವಯಸ್ಸಾದ ಮೇಲೆ ಪಾದರಕ್ಷೆ ಹೊಲಿಯುವ ಕೆಲಸ. ಅಡುಗೆಯ ಕೆಲಸವೆಂದರೆ ಅವನಿಗೆ ಮೊದಲಿನಿಂದಲೂ ಒಲ್ಲದ ಕೆಲಸ. ಆದರೂ ಪ್ರಾರ್ಥನೆಯ ಹೊತ್ತು ಬೇರೆ, ಕೆಲಸದ ಹೊತ್ತು ಬೇರೆ ಎಂಬ ಭೇದ ತನಗಿಲ್ಲವಾಯಿತೆಂದೂ, ನಾಲ್ಕಾರು ಜನ ಏಕಕಾಲಕ್ಕೆ ಕೂಗಿ ಏನೇನೋ ಕೇಳುವ ಒಲೆಯ ಮುಂದಿನ ಗದ್ದಲದಲ್ಲಿಯೂ ತನಗೆ ಪೂಜೆಯ ಮುಂದೆ ಮೊಣಕಾಲೂರಿದಷ್ಟೇ ಶಾಂತಿಯೆಂದೂ ಅವನು ಹೇಳಿಕೊಂಡ. ಅವನು 1691ರಲ್ಲಿ ತೀರಿಕೊಂಡ ಮೇಲೆ ಅವನ ಮಾತುಕತೆ, ಪತ್ರಗಳನ್ನು ಒಬ್ಬ ಪಾದ್ರಿ ಸಂಗ್ರಹಿಸಿ ಪ್ರಕಟಿಸಿದ. ಅದರಲ್ಲಿ ಸಿದ್ಧಾಂತವಿಲ್ಲ, ಒಂದು ಅಭ್ಯಾಸ ಮಾತ್ರವಿದೆ: ದೇವರು ಇಲ್ಲೇ ಇದ್ದಾನೆಂಬ ಎಚ್ಚರವನ್ನು ತಪ್ಪಿದಾಗಲೆಲ್ಲ ಮತ್ತೆ ಹಿಡಿಯುವುದು, ತಪ್ಪಿದ್ದಕ್ಕೆ ಬಹಳ ಕೊರಗದೆ ಮುಂದೆ ಸಾಗುವುದು.

ಸೊಲ್ಲಾಪುರದ ಸೀಮೆಯವರಾದ ನಮಗೆ ಈ ಮಾತು ತೀರ ಹೊಸತಲ್ಲ. ಮಾಢೆ ತಾಲೂಕಿನ ಅರಣದಲ್ಲಿ ಸಾವತಾ ಮಾಳಿ ತನ್ನ ತೋಟದ ಕಾಯಿಪಲ್ಲೆಗಳಲ್ಲೇ ವಿಠ್ಠಲನನ್ನು ಕಂಡ. ಅವನು ಪಂಢರಿಗೆ ಹೋಗಲಿಲ್ಲ, ವಿಠ್ಠಲನೇ ಅವನಿದ್ದಲ್ಲಿಗೆ ಬಂದ ಎಂದು ವಾರಕರಿಗಳು ಇಂದಿಗೂ ಹೇಳುತ್ತಾರೆ. ಲಾರೆನ್ಸನನ್ನೂ ಸಾವತಾನನ್ನೂ ಒಂದೇ ಜಗುಲಿಯ ಮೇಲೆ ಕೂರಿಸಿದರೆ ಅವರಿಗೆ ದುಭಾಷಿ ಬೇಕಾಗಲಾರದು.

ಕ್ರೈಸ್ತ ಮನೆಗಳ ನಿತ್ಯಾರಾಧನೆಯನ್ನು ಕಣ್ಣಾರೆ ನೋಡಬೇಕೆಂದರೆ ಗೋವೆಯ ಮತ್ತು ಮಂಗಳೂರಿನ ಕೊಂಕಣಿ ಕಥೋಲಿಕರ ಮನೆಗಳಿಗೆ ಸಂಜೆಯ ಹೊತ್ತು ಹೋಗಬೇಕು. ಜಪಮಾಲೆಯ ಪ್ರಾರ್ಥನೆಗೆ ಅಲ್ಲಿ 'ತೇರ್ಸ್' ಎಂದು ಹೆಸರು; ಪೋರ್ಚುಗೀಜಿನಿಂದ ಬಂದ ಮಾತು. ಮನೆಮಂದಿಯೆಲ್ಲ ಕೂಡಿ ಅದನ್ನು ಮುಗಿಸಿದ ಮೇಲೆ ಕಿರಿಯರು ಹಿರಿಯರ ಮುಂದೆ ನಿಂತು 'ಬೆಸಾಂವ್', ಎಂದರೆ ಆಶೀರ್ವಾದ, ಕೇಳುತ್ತಾರೆ. ಮಂಗಳೂರಿನ ಕಡೆ ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಚರ್ಚಿನಲ್ಲಿ ಹರಸಿದ ಹೊಸ ತೆನೆಯನ್ನು ಮನೆಗೆ ತಂದು, ಅದರ ಕಾಳನ್ನು ಹಾಲಿನಲ್ಲಿ ಬೆರೆಸಿ ಎಲ್ಲರೂ ಸ್ವೀಕರಿಸುತ್ತಾರೆ. ಗದ್ದೆ, ಚರ್ಚು, ಊಟದ ಕೋಣೆ ಒಂದೇ ದಾರದಲ್ಲಿ ಪೋಣಿಸಿಕೊಳ್ಳುವುದು ಹೀಗೆ.

ಆದರೆ ನಾನು ಒಂದು ಸಂಶಯವನ್ನು ಇಲ್ಲಿ ಎತ್ತಲೇಬೇಕು. ದುಡಿಮೆಯೇ ಆರಾಧನೆ ಎಂಬ ಮಾತು ದುಡಿಯುವವನ ಬಾಯಿಂದ ಬಂದಾಗ ಒಂದು ಅರ್ಥ, ದುಡಿಸಿಕೊಳ್ಳುವವನ ಬಾಯಿಂದ ಬಂದಾಗ ಇನ್ನೊಂದು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಮತಾಂತರಗೊಂಡವರು ಜಾತಿಯ ಕಸುಬನ್ನೂ ಮನೆತನದ ಆಸ್ತಿಯನ್ನೂ ಕಳೆದುಕೊಂಡು ಬೀದಿಗೆ ಬೀಳುವುದನ್ನು ಕಂಡು ಅವರಿಗೆ ಬದುಕಿನ ದಾರಿ ಮಾಡಿಕೊಡಬೇಕಾಯಿತು. ಅಚ್ಚುಕೂಟ, ನೇಯ್ಗೆ, 1865ರಲ್ಲಿ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಆರಂಭಿಸಿದ ಹೆಂಚಿನ ಕಾರ್ಖಾನೆ, ಎಲ್ಲ ಹುಟ್ಟಿದ್ದು ಹೀಗೆ. ಜಾತಿಗೆ ಅಂಟಿದ ಕಸುಬಿನಿಂದ ಬಿಡಿಸಿ ಹೊಸ ಕಸುಬನ್ನು ಕೈಗೆ ಕೊಟ್ಟದ್ದು ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಅಲ್ಲಿ ದಿನದ ಕೆಲಸ ಪ್ರಾರ್ಥನೆಯಿಂದ ತೊಡಗುತ್ತಿತ್ತು. ಆದರೆ ಕೂಲಿ ಕೊಡುವ ಕೈಯೂ ಪ್ರಾರ್ಥನೆಗೆ ಕರೆಯುವ ಕೈಯೂ ಒಂದೇ ಆದಾಗ ಪ್ರಾರ್ಥಿಸುವವನ ಮನಸ್ಸು ಎಷ್ಟು ಸ್ವತಂತ್ರ? ಈ ಪ್ರಶ್ನೆ ಮಿಷನ್ನಿಗೆ ಮಾತ್ರ ಸಲ್ಲುವುದಲ್ಲ. ಕಾಯಕದ ಹೆಸರು ಹೇಳಿ ಸಂಬಳ ಹೆಚ್ಚಿಸದ ಎಷ್ಟು ಆಡಳಿತಗಳನ್ನು ನಾವು ಕಂಡಿಲ್ಲ!

ಬೈಬಲ್ಲಿನ ಪ್ರವಾದಿಗಳಿಗೆ ಈ ಅಪಾಯ ತಿಳಿದಿತ್ತು. ಬಡವರನ್ನು ತುಳಿಯುವವರ ಹಬ್ಬ, ಹಾಡು, ಹೋಮಗಳನ್ನು ದೇವರು ಒಲ್ಲನೆಂದು ಆಮೋಸ ಸಾರಿದ. ಹಸಿದವನೊಡನೆ ರೊಟ್ಟಿ ಹಂಚಿಕೊಳ್ಳುವುದೇ ಉಪವಾಸವೆಂದು ಯೆಶಾಯನ ಗ್ರಂಥ ಹೇಳಿತು. ಕಾಣಿಕೆ ಹಿಡಿದು ವೇದಿಕೆಯ ಮುಂದೆ ನಿಂತಾಗ ನೊಂದ ಸೋದರನ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನೊಡನೆ ರಾಜಿಯಾಗಿ ಬಾ ಎಂದ ಯೇಸು. ಗಮನಿಸಿ, ಬೆನೆಡಿಕ್ಟನಲ್ಲಿ ಆರಾಧನೆಗಾಗಿ ಕೆಲಸವನ್ನು ಬಿಟ್ಟು ಹೋಗಬೇಕು; ಇಲ್ಲಿ ಮನುಷ್ಯನಿಗಾಗಿ ಆರಾಧನೆಯನ್ನೇ ನಡುವೆ ಬಿಟ್ಟು ಹೋಗಬೇಕು. ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ಉಂಡು ಇಲ್ಲದವರು ಹಸಿದು ಕುಳಿತದ್ದನ್ನು ಕೇಳಿ ಪೌಲ ಕೆರಳಿ ಬರೆದದ್ದೂ ಊಟದ ಪಂಕ್ತಿಯ ಬಗೆಗೇ.

ಪಂಕ್ತಿಯ ಮಾತು ಬಂದರೆ ಭಾರತದಲ್ಲಿ ಅದು ಜಾತಿಗೆ ಬಂದೇ ಬರುತ್ತದೆ. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್, ಚರ್ಚಿನೊಳಗೆ ಜಾತಿಭೇದ ಕೂಡದೆಂದು ಆಜ್ಞೆ ಹೊರಡಿಸಿದಾಗ ತಂಜಾವೂರಿನ ಕ್ರೈಸ್ತರಲ್ಲಿ ಬಹಳ ಜನ ಅದನ್ನು ಒಪ್ಪಲಿಲ್ಲ. ಬೇರೆ ಬೇರೆಯಾಗಿ ಕೂರುವುದು, ಪ್ರಭುಭೋಜನದ ಬಟ್ಟಲನ್ನು ಯಾರು ಮೊದಲು ಮುಟ್ಟಬೇಕು, ಇವೇ ಜಗಳದ ತಿರುಳು. ಆರಾಧನೆ ಬದುಕಿಗೆ ಇಳಿಯುವುದು ಎಲ್ಲಿ ತಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಡ.

ಈ ತಡೆಯನ್ನು ಒಬ್ಬ ಹೆಣ್ಣುಮಗಳು ತನ್ನ ಅಡುಗೆಮನೆಯೊಳಗೆ ದಾಟಿದ ಬಗೆಯನ್ನು ನಾನು ಮೊದಲು ಓದಿದ್ದು ಮರಾಠಿಯಲ್ಲಿ. ನಾಲ್ಕನೆಯ ಇಯತ್ತೆಯವರೆಗೆ ನನ್ನದು ಕನ್ನಡ ಶಾಲೆ, ಮುಂದೆ ಮರಾಠಿ ಮಾಧ್ಯಮ. ಮನೆಯಲ್ಲಿ ವಚನ, ಶಾಲೆಯಲ್ಲಿ ಅಭಂಗ. ಹೈಸ್ಕೂಲಿನ ದಿನಗಳಲ್ಲಿ ಲಕ್ಷ್ಮೀಬಾಯಿ ಟಿಳಕರ 'ಸ್ಮೃತಿಚಿತ್ರೆ' ಕೈಗೆ ಬಂತು. 1930ರ ದಶಕದಲ್ಲಿ ಪ್ರಕಟವಾದ ಆತ್ಮಕಥನವದು. ಶಾಲೆಯ ಮುಖವನ್ನು ಕಾಣದೆ, ಮದುವೆಯಾದ ಮೇಲೆ ಓದು ಕಲಿತ ಹೆಂಗಸೊಬ್ಬಳು ಮನೆಮಾತಿನ ಮರಾಠಿಯಲ್ಲಿ, ತನ್ನನ್ನು ತಾನೇ ನಗೆಯಾಡುತ್ತ ಬರೆದ ಪುಸ್ತಕ. ಇಂಥ ಗದ್ಯ ಕನ್ನಡದಲ್ಲಿ ಅಷ್ಟು ಬೇಗ ಬರಲಿಲ್ಲವಲ್ಲ ಎಂದು ನನಗೆ ಇಂದಿಗೂ ಹೊಟ್ಟೆಕಿಚ್ಚು.

ಆಕೆಯ ಪತಿ ನಾರಾಯಣ ವಾಮನ ಟಿಳಕ, ಮರಾಠಿಯ ಹೆಸರಾಂತ ಕವಿ. 1895ರಲ್ಲಿ ಕ್ರೈಸ್ತಧರ್ಮ ಸ್ವೀಕರಿಸಿದರು. ತುಕಾರಾಮನೆಂಬ ಸೇತುವೆಯನ್ನು ದಾಟಿ ಕ್ರಿಸ್ತನೆಡೆಗೆ ಬಂದವನು ತಾನೆಂದು ಹೇಳಿಕೊಂಡವರು. ಅಭಂಗ, ಕೀರ್ತನಗಳನ್ನು ಮರಾಠಿ ಚರ್ಚಿನೊಳಗೆ ತಂದವರು. ಕೊನೆಗಾಲದಲ್ಲಿ, 1917ರಲ್ಲಿ, ಮಿಷನ್ನಿನ ಸಂಬಳವನ್ನೇ ಬಿಟ್ಟು, ದೀಕ್ಷಾಸ್ನಾನ ಪಡೆದವರೂ ಪಡೆಯದವರೂ ಕೂಡಬಹುದಾದ 'ದೇವಾಚಾ ದರಬಾರ' ಎಂಬ ಬಳಗವನ್ನು ಕಟ್ಟಿದರು. ಇದೆಲ್ಲ ಸಾಹಿತ್ಯ ಚರಿತ್ರೆಯಲ್ಲಿ ಸಿಗುತ್ತದೆ. ಲಕ್ಷ್ಮೀಬಾಯಿಯವರ ಪುಸ್ತಕದಲ್ಲಿ ಸಿಗುವುದು ನೀರಿನ ಕೊಡ.

ಮಡಿಯ ಗೀಳು ಹಿಡಿದ ತಂದೆಯ ಮನೆಯಲ್ಲಿ ಬೆಳೆದವರು ಆಕೆ. ಹೊರಗಿನಿಂದ ಬಂದದ್ದನ್ನೆಲ್ಲ ತೊಳೆಯಬೇಕು. ಮರಾಠಿಯ 'ಸೋವಳೆ' ನಮ್ಮ 'ಮಡಿ'ಯೇ. ಗಂಡ ಕ್ರೈಸ್ತನಾದಾಗ ಆಕೆ ಸಿಡಿಲು ಹೊಡೆದಂತಾಗಿ ವರ್ಷಗಟ್ಟಲೆ ದೂರ ಉಳಿದರು. ಮತ್ತೆ ಕೂಡಿ ಬಾಳಲು ಬಂದಾಗಲೂ ತಮ್ಮ ಅಡುಗೆ ಬೇರೆ, ತಮ್ಮ ನೀರು ಬೇರೆ. ಗಂಡ ಬಲವಂತ ಮಾಡಲಿಲ್ಲ. ಆಮೇಲೆ ಒಂದು ದಿನ ಆಕೆಯ ಒಳಗೇ ಪ್ರಶ್ನೆ ಎದ್ದಿತು: ಈ ಜಾತಿಗಳನ್ನು ಮಾಡಿದವರು ಯಾರು, ದೇವರೋ ಮನುಷ್ಯರೋ? ಉತ್ತರ ಹೊಳೆದದ್ದೇ ತಡ, ಯಾರ ಕೈಯ ನೀರಾದರೂ ಸರಿ, ಯಾರ ಮನೆಯ ಅನ್ನವಾದರೂ ಸರಿ ಎಂದು ನಿಶ್ಚಯಿಸಿದರು. ದೀಕ್ಷಾಸ್ನಾನ ಆದದ್ದು ಆಮೇಲೆ. ಈ ಕ್ರಮವನ್ನು ನೀವು ಮನಸ್ಸಿನಲ್ಲಿಟ್ಟುಕೊಳ್ಳಬೇಕು: ಮೊದಲು ಕೊಡ, ಆಮೇಲೆ ಚರ್ಚು. ಮುಂದೆ ಬರಗಾಲದಲ್ಲಿ ಅನಾಥರಾದ ಮಕ್ಕಳು ಆ ಮನೆಗೆ ಬಂದಾಗ ಅವರು ಯಾವ ಜಾತಿಯವರೆಂದು ಕೇಳುವ ಒಲೆ ಅಲ್ಲಿ ಉಳಿದಿರಲಿಲ್ಲ. ಇದ್ದಬದ್ದದ್ದನ್ನೆಲ್ಲ ದಾನ ಮಾಡಿ ಬರುವ ಗಂಡ, ನಾಳೆಯ ಅಕ್ಕಿಗೆ ಲೆಕ್ಕ ಹಾಕುವ ಹೆಂಡತಿ. ಆ ಜಗಳಗಳನ್ನು ಓದಿ ನಗದವರಿಲ್ಲ.

ಇಲ್ಲಿ ಲಾರೆನ್ಸನ ಬಗ್ಗೆ ನನಗೊಂದು ತಕರಾರು ಹುಟ್ಟುತ್ತದೆ. ಅವನ ಅಡುಗೆಮನೆಯಲ್ಲಿ ಅಡುಗೆಯವನ ಮನಸ್ಸು ಎಲ್ಲಿದೆಯೆಂಬುದಷ್ಟೇ ವಿಚಾರ. ಅನ್ನ ಯಾರದು, ಎಷ್ಟು, ಯಾರ ಪಾಲಿನದು ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಆಯ್ದಕ್ಕಿ ಲಕ್ಕಮ್ಮನ ಅಡುಗೆಮನೆಯಲ್ಲಿ ಏಳುವುದು ಆ ಪ್ರಶ್ನೆಯೇ. ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅವಳು ಹಿಗ್ಗಲಿಲ್ಲ. ಈ ಆಸೆ ಶರಣನಿಗೆ ಸಲ್ಲದು, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದಳು. ಅವಳು ನೋಡಿದ್ದು ಗಂಡನ ಭಕ್ತಿಯನ್ನಲ್ಲ, ಸೆರಗಿನ ಅಳತೆಯನ್ನು. ಲಕ್ಷ್ಮೀಬಾಯಿ ನೋಡಿದ್ದು ಕೊಡವನ್ನು ಮುಟ್ಟುವ ಕೈಯನ್ನು. ಈ ಇಬ್ಬರ ನಡುವೆ ಏಳುನೂರು ವರ್ಷ, ಎರಡು ಭಾಷೆ, ಎರಡು ಧರ್ಮಗಳ ಅಂತರವಿದೆ. ಆದರೂ ಲಕ್ಕಮ್ಮ ಹೆಚ್ಚು ಹತ್ತಿರವಾಗುವುದು ಲಾರೆನ್ಸನಿಗಲ್ಲ, ಲಕ್ಷ್ಮೀಬಾಯಿಗೆ ಎಂದು ನನ್ನ ಅಭಿಪ್ರಾಯ. ನೀವು ಇದನ್ನು ಒಪ್ಪಬೇಕಾಗಿಲ್ಲ. ಲಾರೆನ್ಸನ ಎಚ್ಚರವಿಲ್ಲದಿದ್ದರೆ ಲಕ್ಕಮ್ಮನ ಕಣ್ಣಿಗೆ ಆ ಹೆಚ್ಚಿನ ಅಕ್ಕಿ ಕಾಣುತ್ತಿತ್ತೇ ಎಂದು ತರಗತಿಯಲ್ಲಿ ಯಾರಾದರೂ ಕೇಳಿದರೆ ನನ್ನ ಬಳಿ ಸಿದ್ಧ ಉತ್ತರವಿಲ್ಲ.

ಮುಂದಿನ ಚರ್ಚಾಗೋಷ್ಠಿಗೆ ಬರುವಾಗ ಲಕ್ಕಮ್ಮನ ವಚನಗಳನ್ನು ಎಲ್ಲರೂ ಓದಿಕೊಂಡು ಬನ್ನಿರಿ. ಇಪ್ಪತ್ತೈದರಷ್ಟೇ ಇವೆ, ಒಂದು ಸಂಜೆಯ ಕೆಲಸ. ಮರಾಠಿ ಬಲ್ಲವರು 'ಸ್ಮೃತಿಚಿತ್ರೆ'ಯಲ್ಲಿ ಜಾತಿಯ ಕಟ್ಟು ಕಳಚುವ ಭಾಗವನ್ನು ಓದಿ, ಬಾರದವರ ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ಹೇಳಬೇಕು. ನಿಮ್ಮ ಓಣಿಯ ಕ್ರೈಸ್ತ ಮನೆಗಳಲ್ಲಿ ಭಾನುವಾರದ ಸಭೆಗೆ, ಊಟದ ಮುಂಚಿನ ಪ್ರಾರ್ಥನೆಗೆ, ಮನೆಗೆಲಸಕ್ಕೆ ಬಳಸುವ ಮಾತುಗಳನ್ನು ಕೇಳಿ, ಕನ್ನಡದ್ದೋ ಮರಾಠಿಯದ್ದೋ ತೆಲುಗಿನದ್ದೋ ಎಂದು ಗುರುತು ಹಾಕಿ ಬರೆದುಕೊಂಡು ಬನ್ನಿರಿ. 'ಊಳಿಗ' ಎಂಬ ಪದ ಯಾರ ಬಾಯಲ್ಲಾದರೂ ಇನ್ನೂ ಉಳಿದಿದ್ದರೆ ಅದನ್ನು ತಪ್ಪದೆ ತನ್ನಿರಿ.